ಚೇತಕ್ ಮತ್ತು ಆನಂತರ: ಸ್ಕೂಟರಿನ ರೂಪವಿಚಾರ

ಕಾವ್ಯ, ಶಾಸನಗಳ ನಡುವೆ ಸ್ಕೂಟರಿನ ಮಾತೇಕೆ ಎಂದು ಕೆಲವು ವಿದ್ಯಾರ್ಥಿಮಿತ್ರರಿಗೆ ಅನಿಸಬಹುದು. ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ನೇಮಿಜಿನೇಶನ ಚರಿತೆಯನ್ನು ಸಾಂಗತ್ಯದಲ್ಲಿ ಬರೆದ ಕೈಯಿಂದಲೇ ಅಡುಗೆಯನ್ನು ಕುರಿತು 'ಸೂಪಶಾಸ್ತ್ರ'ವನ್ನೂ ಬರೆದನು. ಕುದುರೆಯನ್ನು ಕುರಿತ ಶಾಸ್ತ್ರಗ್ರಂಥಗಳೂ ಹಳಗನ್ನಡ, ನಡುಗನ್ನಡಗಳಲ್ಲಿ ಉಂಟು. ನಿತ್ಯಬಳಕೆಯ ವಸ್ತುವಿನ ಲಕ್ಷಣವನ್ನು ವಿಚಾರಿಸುವುದು ನಮ್ಮ ಪರಂಪರೆಗೆ ಹೊಸತಲ್ಲವಾದ್ದರಿಂದ, ರಾಣಾ ಪ್ರತಾಪನ ಕುದುರೆಯ ಹೆಸರನ್ನು ಹೊತ್ತ ಒಂದು ವಾಹನದ ಲಕ್ಷಣವನ್ನೂ, ಅದರ ಸ್ಥಾನಕ್ಕೆ ಬಂದ ಇಂದಿನ ವಾಹನಗಳ ಲಕ್ಷಣವನ್ನೂ ಇಲ್ಲಿ ಹೋಲಿಸಿ ನೋಡುತ್ತೇನೆ.

ನನ್ನ ಅನುಭವವೆಲ್ಲ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಸೇರಿದ್ದು. (ಸಾಲಿಗ್ರಾಮ, ಸರಗೂರುಗಳು ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆ, ನಾನು ಹಳೆಯ ಎಣಿಕೆಯಲ್ಲೇ ಹೇಳುತ್ತಿದ್ದೇನೆ.) ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆಯುತ್ತಿದ್ದುದರಿಂದ ಈ ಸೀಮೆಯ ಅನುಕೂಲಸ್ಥ ರೈತರ ಮನೆಯ ತರುಣರಿಗೆ ಜಾವಾ, ಯೆಜ್ಡಿ ಬೈಕುಗಳ ಮೇಲೆಯೇ ಮೋಹ. ಸ್ಕೂಟರು ಶಾಲೆಯ ಮೇಷ್ಟರು, ಬ್ಯಾಂಕಿನ ಗುಮಾಸ್ತರು, ಜವಳಿ ಅಂಗಡಿಯವರು, ತಂಬಾಕು ಹರಾಜು ಕಟ್ಟೆಯ ನೌಕರರು, ಇಂಥವರ ವಾಹನವಾಗಿತ್ತು. 1970, 80ರ ದಶಕಗಳಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ವಸ್ತು ಅದು. ವರನಿಗೆ ಕೊಡುವ ವಾಚು, ಉಂಗುರ, ಸೂಟುಗಳ ಪಟ್ಟಿಗೆ ಅದೂ ಸೇರಿಕೊಂಡಿತೆಂಬುದನ್ನು ಆ ಕಾಲದ ಮದುವೆಯ ಮಾತುಕತೆಗಳಲ್ಲಿ ಕುಳಿತಿದ್ದವರು ಬಲ್ಲರು.

ಚೇತಕ್‌ನ ರೂಪ ಭಾರತದಲ್ಲಿ ಹುಟ್ಟಿದ್ದಲ್ಲ. ಇಟಲಿಯ ಪಿಯಾಜ್ಜಿಯೊ ಸಂಸ್ಥೆಯು 1946ರಲ್ಲಿ ಹೊರತಂದ ವೆಸ್ಪಾ ಅದರ ಮೂಲ. ಅದನ್ನು ರೂಪಿಸಿದ ಕೊರಾದೀನೊ ದಾಸ್ಕಾನಿಯೊ ವಿಮಾನ, ಹೆಲಿಕಾಪ್ಟರುಗಳ ಎಂಜಿನಿಯರ್. ಮೋಟಾರ್ ಸೈಕಲ್ಲೆಂದರೆ ಆತನಿಗೆ ಒಲವಿರಲಿಲ್ಲ. ಬಟ್ಟೆಗೆ ಎಣ್ಣೆ ಮೆತ್ತುವ ಚೈನನ್ನು ತೆಗೆದುಹಾಕಿ, ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕದಲ್ಲೇ ಕೂರಿಸಿ ತಗಡಿನಿಂದ ಮುಚ್ಚಿದನು. ಗೇರನ್ನು ಎಡಗೈ ಹಿಡಿಗೆ ತಂದನು. ಒಳಗೆ ಬೇರೊಂದು ಚೌಕಟ್ಟಿಲ್ಲದೆ ಅಚ್ಚೊತ್ತಿದ ಉಕ್ಕಿನ ಮೈಯೇ ಭಾರ ಹೊರುವಂತೆ ಮಾಡಿದನು. ಬಜಾಜ್ ಸಂಸ್ಥೆ 1960ರ ದಶಕದಲ್ಲಿ ಪರವಾನಗಿಯ ಮೇಲೆ ಇದನ್ನು ತಯಾರಿಸುತ್ತಿದ್ದು, 1971ರಲ್ಲಿ ಆ ಒಪ್ಪಂದ ಮುಗಿದ ಬಳಿಕ 1972ರಲ್ಲಿ ಸ್ವಂತ ಹೆಸರಿನ ಚೇತಕ್ಕನ್ನು ಹೊರತಂದಿತು.

ಅದರ ಹಿಂಬದಿಯ ಎರಡು ಉಬ್ಬುಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಬಲಗಡೆಯ ಉಬ್ಬಿನೊಳಗೆ ಎಂಜಿನ್ ಇದೆ. ಎಡಗಡೆಯದರೊಳಗೆ ಇರಬೇಕಾದದ್ದು ಏನೂ ಇಲ್ಲ. ಬಲದ ಉಬ್ಬಿಗೆ ಜೊತೆಯಾಗಲೆಂದು ಅದು ಬಂದಿದೆ. ಪ್ರಾಸಕ್ಕಾಗಿ ತಂದ ಪದಕ್ಕೆ ಒಳ್ಳೆಯ ಕವಿ ಆಮೇಲೆ ಅರ್ಥವನ್ನೂ ಹೊಂದಿಸುವಂತೆ, ಆ ಟೊಳ್ಳು ಡಿಕ್ಕಿಯಾಯಿತು. ಚಿಕ್ಕಹನಸೋಗೆಯ ಬಸದಿಯ ಶಾಸನಗಳನ್ನು ನೋಡಲು ಭಾವನವರ ಚೇತಕ್ ಕೇಳಿ ಪಡೆದು ಹೋಗುತ್ತಿದ್ದ ದಿನಗಳಲ್ಲಿ ಅಚ್ಚು ತೆಗೆಯುವ ಕಾಗದ, ಬ್ರಷ್ಷು, ಮಸಿ ಡಬ್ಬಿ, ಬುತ್ತಿ ಎಲ್ಲವೂ ಅದರೊಳಗೆ ಹಿಡಿಸುತ್ತಿದ್ದವು. ಉಬ್ಬುಗಳು ಸಮವಾಗಿದ್ದರೂ ಭಾರ ಸಮವಾಗಿರಲಿಲ್ಲ. ಎಂಜಿನ್ನಿನ ಕಡೆಗೆ ವಾಲುವ ಗಾಡಿಯನ್ನು ಸವಾರನು ತನ್ನ ಮೈಯಿಂದ ತಿದ್ದಿಕೊಳ್ಳಬೇಕಿತ್ತು. ಹೊರಗೆ ಸಮತೆ, ಒಳಗೆ ವಾಲು. ಕಣ್ಣಿಗೆ ಕಾಣುವ ರೂಪವೂ ದೇಹಕ್ಕೆ ತಿಳಿಯುವ ರೂಪವೂ ಇಷ್ಟು ಬೇರೆಯಾಗಿರುವ ವಸ್ತುಗಳು ವಿರಳ.

ಇನ್ನು ಸ್ಟೆಪ್ನಿ. ವಿಮಾನದ ಗಾಲಿಯನ್ನು ಒಂದೇ ಕಡೆಯಿಂದ ಹಿಡಿದಿರುವಂತೆ ದಾಸ್ಕಾನಿಯೊ ವೆಸ್ಪಾದ ಮುಂದಿನ ಚಕ್ರವನ್ನೂ ಒಂದೇ ಕಡೆಯಿಂದ ಹಿಡಿಸಿದನು. ಹೀಗಾಗಿ ಕಾರಿನ ಚಕ್ರದಂತೆ ನಾಲ್ಕಾರು ನಟ್ ಬಿಚ್ಚಿದರೆ ಚಕ್ರ ಕೈಗೆ ಬರುತ್ತದೆ. ಮುಂದಿನದೂ ಹಿಂದಿನದೂ ಒಂದೇ ಅಳತೆಯಾದ್ದರಿಂದ ಬೆನ್ನಿಗೆ ಕಟ್ಟಿಕೊಂಡ ಒಂದು ಸ್ಟೆಪ್ನಿ ಎರಡಕ್ಕೂ ಒದಗುತ್ತದೆ. ಇಟಲಿಯಲ್ಲಿ ಇದಕ್ಕೆ ಎಷ್ಟು ಬೆಲೆಯಿತ್ತೋ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಸಂಜೆ ಆರರ ಮೇಲೆ ಅದಕ್ಕೆ ಬೇರೆಯೇ ಬೆಲೆಯಿತ್ತು. ಪಂಕ್ಚರ್ ಅಂಗಡಿ ಸರಗೂರಿನಲ್ಲೋ ಕೋಟೆಯಲ್ಲೋ. ನಡುವಿನ ದಾರಿಯಲ್ಲಿ ಆನೆಯ ಭಯ. ಹತ್ತು ನಿಮಿಷದಲ್ಲಿ ಚಕ್ರ ಬದಲಿಸಿ ಹೊರಡಬಹುದೆಂಬ ಧೈರ್ಯದಿಂದಲೇ ಎಷ್ಟೋ ಮೇಷ್ಟರುಗಳು ಆ ಕಡೆಯ ಶಾಲೆಗಳಿಗೆ ಹೋಗಿಬರುತ್ತಿದ್ದರು. ಇಂದಿನ ಸ್ಕೂಟರುಗಳಲ್ಲಿ ಮುಂದಿನ ಚಕ್ರವನ್ನು ಬೈಕಿನಂತೆ ಎರಡೂ ಕಡೆ ಹಿಡಿದಿರುತ್ತದೆ. ಹಲವು ಮಾದರಿಗಳಲ್ಲಿ ಮುಂದಿನದು 12 ಅಂಗುಲ, ಹಿಂದಿನದು 10 ಅಂಗುಲ. ಸ್ಟೆಪ್ನಿಗೆ ಸ್ಥಳವೂ ಇಲ್ಲ, ಅರ್ಥವೂ ಇಲ್ಲ. ಅದಕ್ಕೆ ಬದಲಾಗಿ ಟ್ಯೂಬ್‌ಲೆಸ್ ಟೈರು ಬಂದಿದೆ. ಮೊಳೆ ಚುಚ್ಚಿದರೂ ಗಾಳಿ ಮೆಲ್ಲನೆ ಇಳಿಯುವುದರಿಂದ ಊರು ಸೇರಬಹುದು. ಟೈರಿನ ಪಕ್ಕ ಹರಿದರೆ ಮಾತ್ರ ಉಪಾಯವಿಲ್ಲ.

ಹಳೆಯ ಸ್ಕೂಟರು ಸವಾರನಿಂದ ವಿದ್ಯೆಯನ್ನು ಬೇಡುತ್ತಿತ್ತು. ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಪೆಟ್ರೋಲಿಗೆ ಲೀಟರಿಗೆ ಸುಮಾರು 20 ಮಿ.ಲೀ. ಆಯಿಲ್ ಬೆರೆಸಬೇಕು. ಬೆಳಗಿನ ಚಳಿಯಲ್ಲಿ ಚೋಕ್ ಎಳೆದು, ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಲ್ಲಿಸಿ, ಮತ್ತೆ ಕಿಕ್ಕರ್ ಹೊಡೆಯಬೇಕು. ಪ್ಲಗ್ಗಿಗೆ ಮಸಿ ಹಿಡಿದರೆ ಬಿಚ್ಚಿ ಮರಳುಕಾಗದದಲ್ಲಿ ಉಜ್ಜಬೇಕು. ಕ್ಲಚ್ ವೈರು ತುಂಡಾಗುವುದು ನಿಶ್ಚಿತವಾದ್ದರಿಂದ ಒಂದನ್ನು ಡಿಕ್ಕಿಯಲ್ಲಿ ಇಟ್ಟಿರಬೇಕು. ಹುಣಸೂರಿನ ಬಸ್ ನಿಲ್ದಾಣದ ಸುತ್ತಲಿದ್ದ ಗ್ಯಾರೇಜುಗಳಲ್ಲಿ ನೆಗ್ಗಿದ ಮೈಯನ್ನು ಒಳಗಿನಿಂದ ಬಡಿದು ಎತ್ತಿ, ಬಣ್ಣ ಹೊಡೆದು ಹೊಸದರಂತೆ ಮಾಡಿಕೊಡುತ್ತಿದ್ದರು. ಇಂದಿನ ಬಹುಪಾಲು ಸ್ಕೂಟರುಗಳ ಮೈ ಪ್ಲಾಸ್ಟಿಕ್ಕಿನ ಫಲಕ. ಒಳಗಿನ ಕೊಳವೆ ಚೌಕಟ್ಟು ಭಾರ ಹೊರುತ್ತದೆ. ಫಲಕ ಸೀಳಿದರೆ ಬಡಿದು ಸರಿಮಾಡಲಾಗದು, ಹೊಸದನ್ನೇ ತರಿಸಬೇಕು. ತಗಡಿನ ಮೈ ಎಂಬ ಮಾತಿಗೆ ನಮ್ಮ ಕಡೆ ಇಂದಿಗೂ ಬೆಲೆಯಿರುವುದಕ್ಕೆ ಇದೇ ಕಾರಣ. ಹೋಂಡಾ ಆಕ್ಟಿವಾ ಬಹುಕಾಲ ಉಕ್ಕಿನ ಮೈಯನ್ನು ಬಿಡದೆ ಇದ್ದುದು ವ್ಯಾಪಾರದ ಜಾಣತನವೇ ಸರಿ.

ಇಷ್ಟನ್ನು ಹೇಳಿದರೆ ಹಳೆಯದೇ ಮೇಲೆಂಬ ತೀರ್ಮಾನಕ್ಕೆ ಬರುವುದು ಸುಲಭ. ಈಚೆಗೆ ಮೂಲೆಯಲ್ಲಿದ್ದ ಚೇತಕ್‌ಗಳನ್ನು ಹೊರತೆಗೆದು ಬಣ್ಣ ಬಳಿಸಿ ಮೆರೆಸುವ ಉತ್ಸಾಹವನ್ನು ಕಾಣುತ್ತಿದ್ದೇವೆ. ಆ ಉತ್ಸಾಹಿಗಳಲ್ಲಿ ಹೆಂಗಸರೆಷ್ಟು ಮಂದಿ ಎಂದು ನಾನು ನೋಡುತ್ತಿರುತ್ತೇನೆ.

ವೆಸ್ಪಾದ ಮುಂಭಾಗವನ್ನು ತೆರವಾಗಿ ಬಿಟ್ಟುದರ ಉದ್ದೇಶಗಳಲ್ಲಿ ಸ್ಕರ್ಟು ತೊಟ್ಟ ಹೆಂಗಸರೂ ಕಾಲೆತ್ತದೆ ಏರಿ ಕೂರಲಿ ಎಂಬುದೂ ಒಂದು. ಆ ತೆರವು ಸೀರೆಗೂ ಒಪ್ಪುವಂಥದೇ. ಆದರೂ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಚೇತಕ್ ಓಡಿಸಿದ ಹೆಂಗಸನ್ನು ನಾನು ಕಂಡಿಲ್ಲ; ಮೈಸೂರು ನಗರದಲ್ಲಿ ಒಬ್ಬಿಬ್ಬರನ್ನು ಕಂಡಿದ್ದೇನೆ. ತೂಕವೊಂದೇ ಇದಕ್ಕೆ ಕಾರಣವಾಗಿರಲಾರದು. ಅಂದಿನದೂ ಇಂದಿನದೂ ಹೆಚ್ಚುಕಡಿಮೆ 100 ಕಿಲೋದ ಆಸುಪಾಸಿನಲ್ಲೇ ಇವೆ. ವಾಲುವ ಭಾರ, ಎಡಗೈಯಲ್ಲಿ ಕ್ಲಚ್ ಹಿಡಿದೇ ಗೇರು ತಿರುಗಿಸುವ ಬಿಗಿ, ಸೀರೆಯ ನೆರಿಗೆಯೊಡನೆ ಹೊಡೆಯಲಾಗದ ಕಿಕ್ಕರ್, ಬಲಗಾಲಿನ ಬ್ರೇಕು, ಇವೆಲ್ಲ ಸೇರಿ ಕಲಿಕೆಯನ್ನು ಕಷ್ಟ ಮಾಡಿದ್ದವು. ಕಲಿಯುವ ಅವಕಾಶವನ್ನಂತೂ ಮನೆಯವರೇ ಕೊಡುತ್ತಿರಲಿಲ್ಲ. ಅದರ ದೋಷವನ್ನು ಯಂತ್ರದ ಮೇಲೆ ಹೊರಿಸಲಾಗದು. ಆದರೆ ಬೇಡವೆನ್ನುವವರಿಗೆ ಯಂತ್ರವು ಒಳ್ಳೆಯ ನೆಪವನ್ನು ಒದಗಿಸಿತು.

ನಮ್ಮ ಅಕ್ಕ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದರು. ಭಾವನವರಿಗೆ ಹುಣಸೂರಿನಲ್ಲಿ ಕೆಲಸ. ಬೆಳಿಗ್ಗೆ ಅಕ್ಕನನ್ನು ಬಸ್ಸಿನ ಕೈಮರದವರೆಗೆ ಬಿಟ್ಟು ಅವರು ತಮ್ಮ ದಾರಿ ಹಿಡಿಯುತ್ತಿದ್ದರು. ಬಸ್ಸಿಳಿದ ಮೇಲೆ ಅಕ್ಕನಿಗೆ ಮೂರು ಕಿಲೋಮೀಟರು ನಡಿಗೆ, ಎರಡೂ ಕಡೆ ತಂಬಾಕಿನ ಹೊಲ. ಒಮ್ಮೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಾಗ ಆ ಊರಿಗೆ ಬಸ್ಸೇ ಇಲ್ಲವೆಂಬ ಒಂದೇ ಕಾರಣಕ್ಕೆ ಬೇಡವೆಂದು ಬರೆದುಕೊಟ್ಟರು. ಅವರಿಗಿಂತ ಐದು ವರ್ಷ ಕಿರಿಯರಾದ, ಸ್ವಂತ ವಾಹನವಿದ್ದ ಮೇಷ್ಟರೊಬ್ಬರು ಆ ಜಾಗಕ್ಕೆ ಹೋದರು. ಮನೆಯಲ್ಲಿ ಯಾರೂ ಇದನ್ನು ನಷ್ಟವೆಂದು ಎಣಿಸಲಿಲ್ಲ, ನಾನೂ ಸೇರಿದಂತೆ.

ಗೇರಿಲ್ಲದ ಗಾಡಿಗಳು ಆ ವೇಳೆಗೆ ದೇಶಕ್ಕೆ ಬಂದಿದ್ದವು. 1972ರ ಲೂನಾ, 1980ರ ಟಿವಿಎಸ್ 50 ಮೊಪೆಡ್ಡುಗಳು ಮೊದಲು ದಾರಿ ತೆರೆದವೆಂಬುದನ್ನು ಮರೆಯಬಾರದು; ಕೃಷ್ಣರಾಜನಗರದ ಕಾಲುವೆ ದಾರಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆಗಳನ್ನು ಇಂದಿಗೂ ಹೊರುತ್ತಿರುವುದು ಆ ಕುಲದ ಗಾಡಿಗಳೇ. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗುಂಡಿ ಒತ್ತಿದರೆ ಶುರು, ಗೇರಿನ ಗೊಡವೆಯಿಲ್ಲ. ಬೆಲ್ಟು ಮತ್ತು ಹಿಗ್ಗಿ ಕುಗ್ಗುವ ರಾಟೆಗಳು ವೇಗಕ್ಕೆ ತಕ್ಕಂತೆ ತಾವೇ ಹೊಂದಿಕೊಳ್ಳುತ್ತವೆ. 1990ರ ದಶಕದಲ್ಲಿ ಸ್ಕೂಟಿ, ಹೊಸ ಶತಮಾನದ ಹೊಸ್ತಿಲಿನಲ್ಲಿ ಆಕ್ಟಿವಾ. ಅಕ್ಕ ಗೇರಿಲ್ಲದ ಸ್ಕೂಟರೊಂದನ್ನು ಕೊಂಡಾಗ ಅವರಿಗೆ ನಲವತ್ತಾರು ವರ್ಷ. ಭಾನುವಾರಗಳಂದು ಶಾಲೆಯ ಬಯಲಿನಲ್ಲಿ ಕಲಿತು, ನಾಲ್ಕನೆಯ ವಾರಕ್ಕೆ ರಸ್ತೆಗಿಳಿದರು. ಎರಡು ವರ್ಷಗಳ ನಂತರ ಮತ್ತೊಮ್ಮೆ ಬಡ್ತಿ ಬಂತು. ಬೆಟ್ಟದಪುರದ ಆಚೆಯ ಊರು. ಈ ಸಲ ಒಪ್ಪಿಕೊಂಡರು.

ಚೇತಕ್‌ನ ಸೌಂದರ್ಯವನ್ನು ಕುರಿತು ನಾನು ಒಮ್ಮೆ ಅವರೆದುರಿಗೆ ಬಹಳ ಹೊತ್ತು ಮಾತಾಡಿದೆ. ಎಲ್ಲವನ್ನೂ ಕೇಳಿ ಅಕ್ಕ ಹೇಳಿದ್ದು ಇಷ್ಟು: "ನಿಮ್ಮ ಭಾವನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಇಪ್ಪತ್ತು ವರ್ಷ ಕೂತಿದ್ದೆ ಕಣೋ. ರಸ್ತೆ ಎಡಗಡೆ ಹೊಲ ಬಿಟ್ಟು ಬೇರೇನೂ ನೋಡಿಲ್ಲ. ಎದುರಿಗೆ ಏನು ಬರುತ್ತೆ ಅಂತ ಕಂಡಿದ್ದು ಈ ಗಾಡಿ ಬಂದ ಮೇಲೆ." ಹಿಂದೆ ಕೂರುವವರಿಗೆ ಹಿಡಿ, ಕಾಲಿಡುವ ಮೆಟ್ಟು, ಬಟ್ಟೆ ಚಕ್ರಕ್ಕೆ ಸಿಗದಂತೆ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಹೆಂಗಸು ಹಿಂದೆ ಕೂರುವವಳೆಂಬ ಎಣಿಕೆಯನ್ನು ಆ 'ಸ್ಯಾರಿ ಗಾರ್ಡ್' ಎಂಬ ರೂಢಿಯ ಹೆಸರೇ ಸಾರುತ್ತದೆ.

ಇಂದಿನ ಸ್ಕೂಟರಿನ ರೂಪ ನನ್ನ ಕಣ್ಣಿಗೆ ಹಿಡಿಸುವುದಿಲ್ಲವೆಂಬುದನ್ನು ಮರೆಮಾಚಲಾರೆ. ಅನಗತ್ಯವಾದ ಮಡಿಕೆಗಳು, ಸಿಟ್ಟುಗೊಂಡ ಕಣ್ಣಿನಂಥ ದೀಪಗಳು. ಚೇತಕ್‌ನ ಬಾಗು ತಗಡಿಗೆ ಬಲ ಕೊಡುತ್ತಿತ್ತು. ಈ ಮಡಿಕೆಗಳಲ್ಲಿ ಹೆಚ್ಚಿನವು ನೋಟಕ್ಕಷ್ಟೆ. ಆದರೆ ಸೀಟಿನ ಕೆಳಗೆ ಹೆಲ್ಮೆಟ್ಟು, ಹಾಜರಿ ಪುಸ್ತಕ ಎರಡಕ್ಕೂ ಜಾಗವಿದೆ. ಕಾಲಿನ ಬ್ರೇಕು ಹೋದುದರಿಂದ ಪಾದದ ನೆಲ ಪೂರ್ತಿ ಬಿಡುವಾಗಿ, ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ ಅಲ್ಲಿಗೆ ಬಂದಿವೆ. 2019ರಿಂದ 125 ಸಿಸಿವರೆಗಿನ ಗಾಡಿಗಳಲ್ಲಿ ಒಂದು ಹಿಡಿ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕು ಬೀಳುವ ವ್ಯವಸ್ಥೆ ಕಡ್ಡಾಯವಾಗಿದೆ. ಪಿರಿಯಾಪಟ್ಟಣದ ಮಳೆಗಾಲದಲ್ಲಿ ಚೇತಕ್‌ನ ಡ್ರಮ್ ಬ್ರೇಕನ್ನು ನಂಬಿ ಇಳಿಜಾರು ಇಳಿದವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೇತಕ್ ತಯಾರಿಕೆ ಈ ಶತಮಾನದ ಮೊದಲ ದಶಕದಲ್ಲೇ ನಿಂತುಹೋಗಿತ್ತು. 2020ರಲ್ಲಿ ಅದೇ ಹೆಸರು ವಿದ್ಯುತ್ ಸ್ಕೂಟರಾಗಿ ಮರಳಿ ಬಂದಿತು. ಉಕ್ಕಿನ ಮೈ, ದುಂಡು ದೀಪ, ಹಿಂಬದಿಯ ಉಬ್ಬಿನ ನೆನಪು ಎಲ್ಲ ಇವೆ. ಕ್ಲಚ್ಚು, ಕಿಕ್ಕರು, ಹೊಗೆ, ಆಯಿಲ್ ವಾಸನೆ ಯಾವುದೂ ಇಲ್ಲ. ಅಕ್ಕನ ಮಗಳು ಹುಣಸೂರಿಗೆ ಅದನ್ನು ತಂದ ದಿನ ಭಾವನವರು ಹೊರಗೆ ಬಂದು, ಬೆರಳ ಗಿಣ್ಣಿನಿಂದ ಮೈಯನ್ನು ಎರಡು ಕಡೆ ತಟ್ಟಿ, ತಗಡೇ ಎಂದು ಖಚಿತಪಡಿಸಿಕೊಂಡು, ಒಂದು ಸುತ್ತು ಬಂದು, "ಇದಕ್ಕೆ ಸ್ಟೆಪ್ನಿ ಎಲ್ಲಮ್ಮ?" ಎಂದು ಕೇಳಿದರು. ಅಕ್ಕ ಆಗಲೇ ಮುಂದಿನ ಸೀಟಿನಲ್ಲಿ ಕುಳಿತಿದ್ದರು.