ಹೂ ನೋಡದ ಯಜಮಾನ

ಚೀನಾದ ಸುಝೌ ನಗರದಲ್ಲಿ ಝುವೋಝೆಂಗ್ ಯುವಾನ್ ಎಂಬ ತೋಟವಿದೆ. ‘ರಾಜಕಾರಣ ಬಾರದ ದಡ್ಡನ ತೋಟ’ ಎಂದು ಆ ಹೆಸರಿನ ಅರ್ಥವಂತೆ. ಮಿಂಗ್ ಅರಸರ ಕಾಲದ ವಾಂಗ್ ಷಿಯಾನ್‌ಚೆನ್ ಎಂಬ ಅಧಿಕಾರಿ, ದರ್ಬಾರಿನ ಸಹವಾಸ ಸಾಕಾಗಿ ಊರಿಗೆ ಮರಳಿ, 16ನೆಯ ಶತಮಾನದ ಆರಂಭದಲ್ಲಿ ಇದನ್ನು ಮಾಡಿಸಿದ. ನನ್ನಂಥವನಿಗೆ ತರಕಾರಿಗೆ ನೀರು ಹಾಯಿಸುವುದೇ ರಾಜ್ಯಭಾರ ಎಂಬ ಕೊಂಕು ಹೆಸರಿನಲ್ಲಿದೆ. ಇಷ್ಟು ಚೆಂದದ ತೋಟ ಮಾಡಿಸಿದವನು ದಡ್ಡನಂತೂ ಇರಲಾರ! ಅವನ ಮಗ ಮಾತ್ರ ಜೂಜಿನಲ್ಲಿ ಇದನ್ನು ಕಳೆದನೆಂದು ಹೇಳುತ್ತಾರೆ.

ಷಾಂಘೈನಲ್ಲಿ ಕೆಲಸದಲ್ಲಿರುವ ಮಗ ದಸರಾ ರಜೆಯಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದ. 12 ಎಕರೆಗೂ ಮಿಕ್ಕ ಜಾಗ. ಎಲ್ಲಿ ನೋಡಿದರೂ ನೀರು. ನೀರಿನ ಮೇಲೆ ಅಂಕುಡೊಂಕಾದ ಸೇತುವೆ, ದಡದಲ್ಲಿ ಮಂಟಪ. ಗೋಡೆಗೊಂದು ಜಾಲರಿ ಕಿಟಕಿ, ಕಿಟಕಿಗೊಂದು ಬೇರೆ ನೋಟ. ಒಂದೆಡೆ ನಿಂತರೆ ಕೊಳದಾಚೆ ಎತ್ತರದ ಗೋಪುರ ಕಾಣುತ್ತದೆ. ಅದು ತೋಟದ್ದಲ್ಲ, ಊರಿನ ಬೇರೊಂದು ಕಡೆ ಇರುವ ಬೌದ್ಧ ದೇವಾಲಯದ್ದು. ಇದಕ್ಕೆ ಅವರು ‘ಎರವಲು ನೋಟ’ ಎನ್ನುತ್ತಾರೆ. ಕಾಸು ಕೊಡದೆ ಪಕ್ಕದ ಮನೆಯ ಮಲ್ಲಿಗೆಯ ಪರಿಮಳ ಸವಿಯುವ ನಮಗೇನು ಇದು ಹೊಸತೇ?

ಮುಂದೆ ತೋಟ ಹಲವರ ಕೈ ಬದಲಾಯಿಸಿತು. 17ನೆಯ ಶತಮಾನದಲ್ಲಿ ಇದನ್ನು ಕೊಂಡವನು ಚೆನ್ ಝಿಲಿನ್ ಎಂಬ ಮಂತ್ರಿ. ಇಲ್ಲಿನ ಕ್ಯಾಮೆಲಿಯಾ ಹೂಗಳು ಆಗ ಬಹಳ ಹೆಸರುವಾಸಿ. ಆದರೆ ಹತ್ತು ವರ್ಷ ರಾಜಧಾನಿಯಲ್ಲೇ ಕಳೆದ ಯಜಮಾನ ಅವುಗಳನ್ನು ಒಮ್ಮೆಯೂ ನೋಡಲಿಲ್ಲವೆಂದು ಆ ಕಾಲದ ಕವಿ ವು ವೈಯೆ ಬರೆದಿಟ್ಟಿದ್ದಾನೆ. 1658ರಲ್ಲಿ ಚೆನ್‌ಗೆ ಈಶಾನ್ಯದ ಚಳಿನಾಡಿಗೆ ಗಡೀಪಾರಾಯಿತು. 1666ರಲ್ಲಿ ಅಲ್ಲೇ ತೀರಿಕೊಂಡ. ಅವನ ಹೆಂಡತಿ ಷು ತ್ಸಾನ್ ದೊಡ್ಡ ಕವಯಿತ್ರಿ. ಅವಳ ಕವನ ಸಂಕಲನಕ್ಕೆ ಇದೇ ತೋಟದ ಹೆಸರು, ಮುನ್ನುಡಿ ಗಂಡನದೇ. 1671ರಲ್ಲಿ ಕಾಂಗ್‌ಷಿ ಚಕ್ರವರ್ತಿ ಆ ಕಡೆ ಬಂದಾಗ ಅವಳು ಬೇಡಿಕೊಂಡದ್ದು ಒಂದನ್ನೇ: ಗಂಡನ ಅಸ್ಥಿಯನ್ನು ಊರಿಗೊಯ್ಯಲು ಅಪ್ಪಣೆ. ಅದು ಸಿಕ್ಕಿತು.

ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದರು. ಸೈಟು ಕೊಂಡವರೇ, ಪಾಯ ತೆಗೆಸುವುದಕ್ಕೂ ಮೊದಲು ಮೂಲೆಯಲ್ಲೊಂದು ಸಂಪಿಗೆ ಸಸಿ ನೆಟ್ಟರು. ಆಮೇಲೆ ವರ್ಗದ ಮೇಲೆ ವರ್ಗ. ರಿಟೈರಾಗಲು ಎರಡು ವರ್ಷವಿದ್ದಾಗ ಹೋಗಿಬಿಟ್ಟರು. ಸಂಪಿಗೆ ಮೊದಲ ಸಲ ಹೂ ಬಿಟ್ಟದ್ದು ಅದರ ಮರುವರ್ಷ. “ಇನ್ನು ನೀನು ಮುಡಿಯೋ ಹಾಗಿಲ್ಲವಲ್ಲೇ” ಎಂದು ಅತ್ತಿಗೆ ಕಣ್ಣೊರೆಸಿಕೊಂಡರು. ಮಾರನೆಯ ದಿನ ನಾನು ಎರಡು ಹೂ ಮುಡಿದೇ ಶಾಲೆಗೆ ಹೋದೆ. ಸ್ಟಾಫ್ ರೂಮು ಒಂದು ಗಳಿಗೆ ಮೌನವಾಯಿತು. ಆಮೇಲೆ ಬೆಲ್ಲು ಹೊಡೆಯಿತು, ಏಳನೇ ಕ್ಲಾಸಿಗೆ ಹೋದೆ.

1952ರಿಂದ ಸುಝೌ ತೋಟ ಎಲ್ಲರಿಗೂ ತೆರೆದಿದೆ. 1997ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಾವು ಹೋದಾಗ ತಾವರೆ ಎಲೆಗಳು ಒಣಗಿದ್ದವು. ಕ್ಯಾಮೆಲಿಯಾಕ್ಕೆ ಇನ್ನೂ ಕಾಲ ಬಂದಿರಲಿಲ್ಲ. ಆ ಗಿಡದ ಪಕ್ಕ ನಿಂತು ಫೋಟೋ ತೆಗೆಯೆಂದೆ.

“ಹೂವೇ ಇಲ್ಲವಲ್ಲಮ್ಮ,” ಎಂದ ಮಗ.

“ಇರಲಿ, ತೆಗಿಯೋ,” ಎಂದೆ.