ಕೆಂಚನ ಹಿಂದೆ ಮಧುಗಿರಿ

ಮಧುಗಿರಿ ಬೆಟ್ಟ ಗಿಡಮರ ಹೊದ್ದ ಗುಡ್ಡವಲ್ಲ. ಬುಡದಿಂದ ನೆತ್ತಿಯವರೆಗೂ ಒಂದೇ ಕಲ್ಲು, ಸಮುದ್ರಮಟ್ಟದಿಂದ 3,900 ಅಡಿಗೂ ಮಿಕ್ಕಿದ ಎತ್ತರ. ಪೇಟೆಯ ರಸ್ತೆಯಲ್ಲಿ ನಿಂತು ಕತ್ತೆತ್ತಿದರೆ, ಇದನ್ನು ಕಾಲಲ್ಲಿ ಹತ್ತಬಹುದು ಎಂದು ನಂಬುವುದೇ ಕಷ್ಟ. ರಾಮನಗರದ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ಈ ಸೀಮೆಯನ್ನು ಹಾದು ಬಡಗಲಿಗೆ ಸಾಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ ಅದು.

ಅಂಥ ಕಲ್ಲಿನ ಮೇಲೆ ನಮಗೆ ದಾರಿ ತೋರಿಸಿದ್ದು ಒಂದು ಊರನಾಯಿ.

ನಾವು ಕರೆದಿರಲಿಲ್ಲ. ಬೆಳ್ಳಂಬೆಳಗ್ಗೆ ಬೆಟ್ಟದ ಬುಡದ ಕೋಟೆ ಬಾಗಿಲ ಹತ್ತಿರ ಮಲಗಿದ್ದದ್ದು ಎದ್ದು, ಮೈ ಮುರಿದು, ನಮ್ಮ ಮುಂದೆ ನಡೆಯತೊಡಗಿತು. ಕೆಂಚು ಮೈ, ಒಂದು ಕಿವಿ ಸ್ವಲ್ಪ ಹರಿದಿತ್ತು. "ಕೆಂಚ ಬತ್ತಾನೆ ಬುಡಿ ಸಾ, ದಾರಿ ಎಲ್ಲಾ ಅವ್ನಿಗೆ ಗೊತ್ತು" ಎಂದರು ದಾರಿಯಲ್ಲಿ ಸಿಕ್ಕ ಹಿರಿಯರೊಬ್ಬರು.

ಕೆಳಗಿನ ಬಾಗಿಲುಗಳನ್ನು ದಾಟುವವರೆಗೆ ಮೆಟ್ಟಿಲುಗಳಿವೆ. ಏದುಸಿರು ಬಂದರೂ ಕಾಲಿಗೆ ಧೈರ್ಯ ಇರುತ್ತದೆ. ಆಮೇಲೆ ಕಲ್ಲು ಬೋಳಾಗುತ್ತದೆ. ಹೆಜ್ಜೆ ಊರಲು ಕೊರೆದ ಗುಳಿಗಳು, ಹಿಡಿದುಕೊಳ್ಳಲು ಕೆಲವು ಕಡೆ ಕಬ್ಬಿಣದ ಕಂಬಿ, ಪಕ್ಕದಲ್ಲಿ ಬರೀ ಆಕಾಶ. ನಾವು ಕಂಬಿಗೆ ಅಂಟಿಕೊಂಡು ನೇರವಾಗಿ ಹತ್ತಿದರೆ ಕೆಂಚ ಹಾಗೆ ಹತ್ತಲಿಲ್ಲ. ಹೊಟ್ಟೆಯನ್ನು ಕಲ್ಲಿಗೆ ಹತ್ತಿರ ಇಳಿಸಿ, ಎಡಕ್ಕೆ ಓರೆಯಾಗಿ ನಾಲ್ಕು ಹೆಜ್ಜೆ, ಮತ್ತೆ ಬಲಕ್ಕೆ ಓರೆಯಾಗಿ ನಾಲ್ಕು ಹೆಜ್ಜೆ. ಮಳೆನೀರು ಹರಿದು ಕಪ್ಪು ಪಾಚಿ ಕಟ್ಟಿದ ಪಟ್ಟೆಗಳನ್ನು ಅದು ಒಮ್ಮೆಯೂ ತುಳಿಯಲಿಲ್ಲ. ಮೊದಲು ಮೂಸುತ್ತಿತ್ತು, ಆಮೇಲೆ ಬಳಸಿಕೊಂಡು ಹೋಗುತ್ತಿತ್ತು. ಅಲ್ಲಿಂದ ಮುಂದೆ ನಾನು ಕಂಬಿಗಿಂತ ಹೆಚ್ಚಾಗಿ ಅದರ ಕಾಲುಗಳನ್ನೇ ನೋಡಿಕೊಂಡು ಹತ್ತಿದೆ. ನಾಯಿ ತನ್ನ ಉಗುರನ್ನು ಬೆಕ್ಕಿನಂತೆ ಒಳಗೆಳೆದುಕೊಳ್ಳಲಾರದು. ಸದಾ ಹೊರಗಿರುವ ಆ ಉಗುರುಗಳು ಒರಟು ಕಲ್ಲನ್ನು ಕಚ್ಚುವ ಸದ್ದು ಕಿವಿಗೆ ಬೀಳುತ್ತಿತ್ತು.

ಅರ್ಧದಾರಿಯಲ್ಲಿ ಅದು ಮಾಯವಾಯಿತು. ಹುಡುಕಿದರೆ, ಪೊದೆಯೊಂದರ ಮರೆಯಲ್ಲಿ ಪುಟ್ಟ ದೊಣೆ, ಅದರಲ್ಲಿ ನೀರು, ನೀರಿಗೆ ನಾಲಿಗೆ ಚಾಚಿದ ಕೆಂಚ. ನಾವು ಅದರ ಪಕ್ಕದಲ್ಲೇ ಹಾದುಹೋಗಿದ್ದೆವು, ಕಂಡಿರಲಿಲ್ಲ.

ನನಗೆ ಮೈ ಜುಮ್ಮೆಂದದ್ದು ಅಲ್ಲಿ. ಈ ಕೋಟೆ ಹುಟ್ಟಿದ ಐತಿಹ್ಯವೂ ಇಂಥದ್ದೇ. ಪಾಳೆಯಗಾರ ರಾಜಾ ಹಿರೇಗೌಡನ ಕುರಿಯೊಂದು ಹಿಂಡು ತಪ್ಪಿ ಬೆಟ್ಟಕ್ಕೆ ಹೋಗಿ, ಮೈಯಿಂದ ನೀರು ತೊಟ್ಟಿಕ್ಕಿಸಿಕೊಂಡು ಮರಳಿತಂತೆ. ಬೋಳು ಬಂಡೆಯ ಮೇಲೆ ಊಟೆ ಇದೆ ಎಂದು ತಿಳಿದದ್ದು ಆ ಒದ್ದೆ ಉಣ್ಣೆಯಿಂದ. ನೀರಿದ್ದರೆ ತಾನೆ ಮುತ್ತಿಗೆ ತಡೆದುಕೊಳ್ಳುವುದು! ಮಣ್ಣಿನ ಕೋಟೆ ಎದ್ದಿತು. ಅದು 1678ರಲ್ಲಿ ಮೈಸೂರಿನ ವಶವಾಯಿತು. ಮುಂದೆ ಹೈದರಾಲಿ ಅದನ್ನು ಬಲಪಡಿಸಿದ. ಅಷ್ಟೆಲ್ಲ ಚರಿತ್ರೆಯ ತಲೆಬಾಗಿಲಲ್ಲಿ ಒಂದು ಕುರಿ ನಿಂತಿದೆ.

ಬೆಟ್ಟ ಹತ್ತಿದ ನಾಯಿಯನ್ನು ಕಲ್ಲಿನಲ್ಲಿ ಬರೆದಿಟ್ಟ ನಾಡು ನಮ್ಮದು. ಮದ್ದೂರು ಸೀಮೆಯ ಆತಕೂರಿನ ಶಾಸನ, ಕ್ರಿ.ಶ. 949-50ರದು, ಕಾಳಿ ಎಂಬ ಬೇಟೆನಾಯಿಯ ಕಥೆ ಹೇಳುತ್ತದೆ. ಯುದ್ಧದಲ್ಲಿ ಮೆರೆದ ವೀರ ಮಣಲೆರನಿಗೆ ಗಂಗರ ದೊರೆ ಬೂತುಗ ಏನು ಬೇಕೋ ಕೇಳು ಎಂದಾಗ ಆತ ಕೇಳಿದ್ದು ಈ ನಾಯಿಯನ್ನು. ಬೆಟ್ಟದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಕಾಳಿಯೂ ಒಟ್ಟಿಗೇ ಸತ್ತವು. ಮಣಲೆರ ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆ ನಡೆಯಲೆಂದು ಭೂಮಿ ಬಿಟ್ಟ. ಬೆಂಗಳೂರಿನ ಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿ, ಹಂದಿ ಇಂದಿಗೂ ಎದುರುಬದುರಾಗಿವೆ.

ಕೊನೆಯ ಏರು ಎಲ್ಲಕ್ಕಿಂತ ಕಠಿಣ. ಬೇಗ ಹೊರಟಿದ್ದು ಒಳ್ಳೆಯದಾಯಿತು, ಯಾಕೆಂದರೆ ಬಿಸಿಲೇರಿದ ಮೇಲೆ ಈ ಬಂಡೆ ಕಾದ ಹೆಂಚು. ನಮಗೆ ಬೂಟಿದೆ, ಮೈತುಂಬ ಬೆವರುವ ಭಾಗ್ಯವಿದೆ. ನಾಯಿ ಬೆವರುವುದು ಹೆಚ್ಚಾಗಿ ಅಂಗಾಲಿನಲ್ಲಿ ಮಾತ್ರ; ಮೈಯ ಕಾವನ್ನೆಲ್ಲ ನಾಲಿಗೆ ಚಾಚಿ ತೇಕಿಯೇ ಕಳೆಯಬೇಕು. ಕೆಂಚ ನೆರಳಿಂದ ನೆರಳಿಗೆ ಹಾರಿ ಹೋಗುತ್ತಿತ್ತು. ಗೋಡೆಯ ನೆರಳು, ಬಾಗಿಲ ಕಮಾನಿನ ನೆರಳು, ಕೊನೆಗೆ ನನ್ನದೇ ನೆರಳು. ನಾನು ನಿಂತಾಗಲೆಲ್ಲ ಬಂದು ಅದರೊಳಗೆ ಕೂರುತ್ತಿತ್ತು.

ನೆತ್ತಿಯ ಮೇಲೆ ಕಣಜಗಳು, ಪಾಳುಬಿದ್ದ ಗೋಪಾಲಕೃಷ್ಣ ದೇಗುಲ. 1763ರಲ್ಲಿ ಮಲೆನಾಡಿನ ಬಿದನೂರು ಬಿದ್ದ ಮೇಲೆ ಅಲ್ಲಿನ ರಾಣಿ ವೀರಮ್ಮಾಜಿಯನ್ನು ಹೈದರ್ ಸೆರೆಯಿಟ್ಟದ್ದು ಇದೇ ದುರ್ಗದಲ್ಲಿ. ಮರಾಠರು ಬಂದು ಬಿಡಿಸಿದ್ದು 1767ರಲ್ಲಿ. ಮಲೆನಾಡಿನ ಮಳೆ, ಹಸಿರಿನಲ್ಲಿ ಬಾಳಿದ ಹೆಂಗಸು ಈ ಬೆತ್ತಲೆ ಕಲ್ಲನ್ನು ವರ್ಷಗಟ್ಟಲೆ ನೋಡಿದಳು ಎಂದುಕೊಂಡರೆ ಎದೆ ಭಾರವಾಗುತ್ತದೆ.

ಗೋಡೆಯಂಚಿನಲ್ಲಿ ರಾಗಿರೊಟ್ಟಿ ಹಂಚಿಕೊಂಡೆವು. ಕೊರಟಗೆರೆ ಕಡೆಗೆ ಚನ್ನರಾಯನದುರ್ಗ. ಇನ್ನೊಂದು ದಿಕ್ಕಿನ ಬಯಲಲ್ಲಿ, ಜಯಮಂಗಲಿ ನದಿಯ ಸೀಮೆಯಲ್ಲಿ, ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲು. ಸುಮಾರು 800 ಎಕರೆಯ ಆ ಜಾಗ 2007ರಿಂದ ಸಂರಕ್ಷಿತ. ಇಳಿದ ಮೇಲೆ ನಾವು ಹೋಗಬೇಕಿದ್ದದ್ದು ಅಲ್ಲಿಗೇ. ಜೊತೆಯ ಗೆಳೆಯ ಕೆಂಚನನ್ನೂ ಕಾರಿಗೆ ಹತ್ತಿಸೋಣ ಎಂದ. ನಾನು ಒಪ್ಪಲಿಲ್ಲ. ಹುಲ್ಲಿನಲ್ಲಿ ಮರಿಯನ್ನು ಅಡಗಿಸಿಟ್ಟು ಮೇಯಲು ಹೋಗುವ ಪ್ರಾಣಿ ಕೃಷ್ಣಮೃಗ. ಮರಿ ಅಲುಗದೆ ಬಿದ್ದುಕೊಂಡಿರುತ್ತದೆ. ಮನುಷ್ಯನ ಕಣ್ಣಿಗೆ ಅದು ಕಾಣದು, ನಾಯಿಯ ಮೂಗಿಗೆ ಸಿಗದೆ ಹೋಗದು. ದೊಣೆಯ ನೀರನ್ನು ಪತ್ತೆಹಚ್ಚಿದ ಅದೇ ಮೂಗು ಅಲ್ಲಿ ಸಾವು ತರುತ್ತದೆ.

ಇಳಿಯುವಾಗ ಕೆಂಚ ನಿಧಾನವಾಯಿತು. ನಾಯಿಯ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂಗಾಲುಗಳ ಮೇಲಿರುತ್ತದೆ, ಇಳಿಜಾರಿನಲ್ಲಿ ಅದು ಇನ್ನೂ ಹೆಚ್ಚು. ಕಡಿದಾದ ಕಡೆ ಹಿಂಗಾಲು ಮಡಚಿ, ಅರೆಕೂತು ಜಾರುತ್ತ ಬಂತು. ಒಂದು ಕಡೆ ಮಾತ್ರ ನಿಂತು ನಮ್ಮತ್ತ ನೋಡಿತು. ಗೆಳೆಯ ಕೆಳಗೆ ಕೂತು ಅಂಗೈ ಊರಿದ. ಅದರ ಮೇಲೆ ಕಾಲಿಟ್ಟು ಕೆಂಚ ಆ ಒಂದು ಗುಳಿಯನ್ನು ದಾಟಿತು, ಮತ್ತೆ ನಮಗಿಂತ ಮುಂದಾಯಿತು.