ಮಡಕೆಯಲ್ಲಿದ್ದ ಆರು ಪಕ್ಕೆಗಳು...

ಸುಮಾರು ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದ್ರೆ ಸಂಕ್ರಾಂತಿಗೆ ಊರಿಗೆ ಹೋಗಿ ಬಂದ ಮೇಲೆ ಇದೊಂದನ್ನ ಬರೆದು ಹಾಕದೇ ಇದ್ರೆ ಸಮಾಧಾನ ಇಲ್ಲ ಅನ್ನಿಸಿಬಿಡ್ತು.

ಊರು ಅಂದ್ರೆ ಅಮ್ಮನ ತವರು. ಮದ್ದೂರಿನಿಂದ ಕೊಕ್ಕರೆ ಬೆಳ್ಳೂರಿನ ಕಡೆಗೆ ಹೋಗುವಾಗ ಸಿಗುತ್ತೆ, ಶಿಂಷಾ ಹೊಳೆ ಪಕ್ಕದಲ್ಲಿ. (ಮದ್ದೂರು ಅಂದ ತಕ್ಷಣ ನಿಮಗೆಲ್ಲ ವಡೆ ನೆನಪಾಗಿರುತ್ತೆ. ಆಗಲಿ ಬಿಡಿ, ನಾನೂ ಎರಡು ಪೊಟ್ಟಣ ತಂದಿದ್ದೇನೆ.) ಈ ಸಲ ಮಾವನ ಮಗನೂ ಬಂದಿದ್ದ. ಅವನಿರೋದು ಫ್ಲೋರಿಡಾದಲ್ಲಿ. ವಾರವೆಲ್ಲ ಸಾಫ್ಟ್‌ವೇರು, ಶನಿವಾರ ಬಂದ್ರೆ ಸಮುದ್ರ. ಒಬ್ಬನೇ ಕೂತು ಹುಟ್ಟು ಹಾಕೋ ಪ್ಲಾಸ್ಟಿಕ್ ದೋಣಿ ಇಟ್ಟುಕೊಂಡಿದ್ದಾನೆ, ಕಯಾಕ್ ಅಂತಾರಲ್ಲ, ಅದು. ಜಗಲಿ ಮೇಲೆ ಕೂತು ಮೊಬೈಲಲ್ಲಿ ಅದರ ವಿಡಿಯೋ ತೋರಿಸ್ತಿದ್ದ. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಮಾವ. ಅತ್ತೆ ಆಚೆ ಕೂತು ಅವರೆಕಾಯಿ ಸುಲೀತಿದ್ರು.

ದೋಣಿ ಹಿಂದೆ ಒಂದು ಡಬ್ಬ, ಅದರಲ್ಲಿ ಸಮುದ್ರದ ನೀರು, ನೀರಿಗೆ ಗಾಳಿ ತುಂಬೋಕೆ ಬ್ಯಾಟರಿಯ ಪುಟ್ಟ ಪಂಪು. ಒಳಗೆ ಅಂಗೈ ಉದ್ದದ ಜೀವಂತ ಮೀನುಗಳು. ಇವನು ಒಂದನ್ನ ಎತ್ತಿ, ಮೂಗಿನ ತೂತಿನಲ್ಲಿ ಸೂಜಿಯಿಂದ ರಬ್ಬರ್ ಬ್ಯಾಂಡ್ ದಾಟಿಸಿ, ಆ ಬ್ಯಾಂಡನ್ನ ಗಾಳಕ್ಕೆ ಸಿಕ್ಕಿಸಿ ತಿರುಚ್ತಾನೆ. ಗಾಳದ ಮೊನೆ ಮೀನಿನ ಮೈಗೆ ಚುಚ್ಚೋದೇ ಇಲ್ಲ, ಹೊರಗೇ ಇರುತ್ತೆ. ಬಾಲದ ಹತ್ತಿರ ಮೂರು ಮೊನೆಯ ಇನ್ನೊಂದು ಸಣ್ಣ ಗಾಳ, ನಡುವೆ ಉಕ್ಕಿನ ತಂತಿ. ಅಲ್ಲಿ ಸಿಗೋದು ನಮ್ಮ ಮಂಗಳೂರಿನ ಅಂಜಲ್‌ಗೆ ದಾಯಾದಿ ಅಂತೆ. ಬಂದ ರಭಸಕ್ಕೆ ಬಾಲದ ಕಡೆಯ ಅರ್ಧ ಕತ್ತರಿಸಿಕೊಂಡು ಹೋಗುತ್ತೆ, ಬರೀ ದಾರ ಆದ್ರೆ ಹಲ್ಲಿಗೆ ನಿಲ್ಲೋಲ್ಲ. ಆಮೇಲೆ ದಾರ ಬಿಟ್ಟುಕೊಂಡು, ಮನುಷ್ಯ ನಿಧಾನಕ್ಕೆ ನಡೆಯೋಷ್ಟೇ ವೇಗದಲ್ಲಿ ಹುಟ್ಟು ಹಾಕ್ತಾ ಹೋಗೋದು.

ಮಾವನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು, ತೆಪ್ಪ ಹತ್ತಿ ಎಷ್ಟೋ ವರ್ಷ ಆಗಿದೆ. ಕನ್ನಡಕ ಮೇಲೆತ್ತಿಕೊಂಡು ಎರಡು ಸಲ ನೋಡಿ, ನನ್ನ ಕಡೆ ತಿರುಗಿದ್ರು.

"ಮೂಗ್ಗೆ ಯಾಕ್ ಸಿಗ್ಸವ್ನೆ ಯೋಳ್ಲಾ ನೋಡನಾ?"

ನನಗೆ ಗೊತ್ತಿತ್ತು. ಅದನ್ನ ಹೇಳಿಕೊಟ್ಟಿದ್ದೇ ಅವರು. ತೆಪ್ಪದ ಹಿಂದೆ ಎಳೆದುಕೊಂಡು ಹೋಗೋದಾದ್ರೆ ಬಾಯಿಗೇ ಗಾಳ ಹಾಕಬೇಕು, ಕೆಳತುಟಿಯಿಂದ ಮೇಲ್ತುಟಿಗೆ. ಆಗ ಮೀನು ತಲೆ ಮುಂದಾಗಿ ನೆಟ್ಟಗೆ ಈಜುತ್ತೆ. ಬೆನ್ನಿಗೆ ಹಾಕಿ ಎಳೆದ್ರೆ ಅಡ್ಡಡ್ಡ ಬಂದು ಬುಗುರಿ ಥರ ಸುತ್ತುತ್ತೆ, ದಾರ ಹುರಿಗಟ್ಟುತ್ತೆ, ಮೀನೂ ಬೇಗ ಸಾಯುತ್ತೆ. ಬೆಂಡು ಕಟ್ಟಿ ಒಂದೇ ಕಡೆ ಬಿಡೋದಾದ್ರೆ ಮಾತ್ರ ಬೆನ್ನಿಗೆ, ರೆಕ್ಕೆ ಕೆಳಗೆ, ಮೂಳೆಗೆ ತಾಗದ ಹಾಗೆ. ಮಾವ ಬಾಳೆ ಮೀನಿಗೆ ಹೊರಟರೆ ತಂಗೂಸಿ ದಾರದ ತುದಿಗೆ ಸೈಕಲ್ ಬ್ರೇಕ್ ವೈರಿನ ಒಂದು ಎಳೆ ಕಟ್ಟೋರು. ಅದಕ್ಕೂ ಹಲ್ಲು ಜಾಸ್ತಿ ನೋಡಿ.

ಎಲ್ಲ ಮೀನಿಗೂ ಜೀವ ಇರೋ ಎರೆಯೇ ಆಗಬೇಕು ಅಂತೇನಿಲ್ಲ. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಗೆ ದೇಶ ವಿದೇಶದಿಂದ ಬರ್ತಿದ್ದ ಗಾಳದ ಶೋಕಿಯವರು ಕಾವೇರಿಯ ಮಹಶೀರ್ ಹಿಡಿದು, ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡ್ತಿದ್ದದ್ದು ರಾಗಿ ಮುದ್ದೆ ಹಾಕಿ. ಮಂಡ್ಯದ ಮೀನು, ಮುದ್ದೆ ಬಿಡುತ್ತಾ! ಈಗ ಅಲ್ಲಿ ವನ್ಯಧಾಮ ಅಂತ ಗಾಳ ಹಾಕೋದು ನಿಂತಿದೆ. ಆ ಡುಬ್ಬದ ಮಹಶೀರ್ 2018ರಲ್ಲಿ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ಅಂಚಿನ ಕೊನೇ ಮೆಟ್ಟಿಲಿಗೆ ಬಂತು. ನಿಂತಿದ್ದೇ ಒಳ್ಳೇದಾಯ್ತೇನೋ.

ಆದ್ರೆ ಕೊರವ ಮೀನು ಹಾಗಲ್ಲ. ಅದಕ್ಕೆ ಮಿಸುಕಾಡೋ ಎರೆನೇ ಬೇಕು.

1986ರ ಬೇಸಿಗೆ. ನನಗೆ ಒಂಬತ್ತು ವರ್ಷ, ರಜಕ್ಕೆ ಬಂದಿದ್ದೆ. ಅತ್ತೆ ಬಾಣಂತಿ, ಎದ್ದು ಕೂರೋಕೂ ಆಗದಷ್ಟು ಸೊರಗಿದ್ರು. ಕೊರವ ಮೀನಿನ ಸಾರು ಕೊಟ್ರೆ ಮೈಗೆ ಬಲ ಬರುತ್ತೆ, ಹಾಲೂ ಬರುತ್ತೆ ಅಂತ ಅಜ್ಜಿ ಮೂರು ದಿನದಿಂದ ಹೇಳ್ತಿತ್ತು. ಹೊಳೆ ಬತ್ತಿ ಮಡುಗಳಲ್ಲಿ ಮಾತ್ರ ನೀರು. ಮಾವ ಯಾರದೋ ತೆಪ್ಪ ಕೇಳಿ ತಂದು, ಬೆಳಗಿನ ಜಾವ ನನ್ನನ್ನೂ ಕೂರಿಸಿಕೊಂಡರು.

ನನ್ನ ಕೆಲಸ ಮಡಕೆ ಕಾಯೋದು. ಮಣ್ಣಿನ ಮಡಕೆ, ಒಳಗೆ ಎಂಟು ಪಕ್ಕೆ ಮೀನು, ಬಾಯಿಗೆ ಒದ್ದೆ ಬಟ್ಟೆ. ಮಣ್ಣಿನದಾದ್ರೆ ನೀರು ತಣ್ಣಗಿರುತ್ತೆ, ತಣ್ಣಗಿದ್ರೆ ಮೀನು ತಡೆಯುತ್ತೆ. ಆಗಾಗ ಬಟ್ಟೆ ಬಿಚ್ಚಿ, ಚೊಂಬಲ್ಲಿ ನೀರೆತ್ತಿ ಮೇಲಿಂದ ಹೊಯ್ಯಬೇಕು. ಒಣಗಿದ ಕೈಯಲ್ಲಿ ಮುಟ್ಟಬಾರದು, ಮೈಮೇಲಿನ ಲೋಳೆ ಹೋಗುತ್ತೆ. ಫ್ಲೋರಿಡಾದಲ್ಲಿ ಬ್ಯಾಟರಿ ಪಂಪು ಮಾಡೋ ಕೆಲಸ, ಶಿಂಷಾದಲ್ಲಿ ನಾನು ಮಾಡ್ತಿದ್ದೆ!

ತೆಪ್ಪ ಕಯಾಕ್ ಥರ ನೆಟ್ಟಗೆ ಹೋಗೋಲ್ಲ, ಗುಂಡಗಿರುತ್ತಲ್ಲ, ಮಾತೆತ್ತಿದರೆ ಸುತ್ತುತ್ತೆ. ಮಾವ ಮುಂದೆ ಕೂತು ನೀರನ್ನ ತಮ್ಮ ಕಡೆಗೆ ಎಳೆದುಕೊಳ್ತಾ, ಹಿಂದಿನ ದಾರವನ್ನ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಜೊಂಡಿನ ಅಂಚಿಗೆ ಹೋಗೋರು. ಕೊರವ ಹಿಡಿದ ಕೂಡಲೇ ಜಗ್ಗಬಾರದು, ಬೀಡಿ ಹಚ್ಚೋಷ್ಟು ಹೊತ್ತು ಬಿಡಬೇಕು. ಮೊದಲನೇ ಪಕ್ಕೆ ಸುಮ್ಮನೆ ಸತ್ತು ಬಂತು. ಎರಡನೇದನ್ನ ಯಾವುದೋ ಕಿತ್ತುಕೊಂಡು ಹೋಯ್ತು.

ಆ ಎರಡನೇದನ್ನ ಗಾಳಕ್ಕೆ ಹಾಕುವಾಗ ನಾನು ಹತ್ತಿರದಿಂದ ನೋಡಿಬಿಟ್ಟಿದ್ದೆ. ತುಟಿ ಚುಚ್ಚಿಸಿಕೊಂಡು, ಕಿವಿರು ಪಟಪಟ ಬಡಿದುಕೊಳ್ತಾ... ನಾನೇ ನೀರು ಹೊಯ್ದು ಬದುಕಿಸಿದ್ದ ಮೀನು ಅದು. ಬದುಕಿಸಿದ್ದು ಇದಕ್ಕಾ ಅನ್ನಿಸಿತು. ಮಾವ ಜೊಂಡಿಗೆ ಸಿಕ್ಕಿಕೊಂಡ ದಾರ ಬಿಡಿಸೋಕೆ ದಡಕ್ಕಿಳಿದಾಗ, ಉಳಿದ ಆರನ್ನೂ ಹೊಳೆಗೆ ಬಗ್ಗಿಸಿಬಿಟ್ಟೆ. ವಾಪಸ್ ಬಂದು ಕೇಳಿದ್ದಕ್ಕೆ "ಮಡಕೆ ಮಗುಚಿಕೊಳ್ತು ಮಾವ" ಅಂದೆ.

ಅವರು ಬೈಯಲಿಲ್ಲ. ಮಡಕೆ ನೋಡಿದ್ರು, ನನ್ನ ನೋಡಿದ್ರು, ದಾರ ಸುತ್ತಿದ್ರು. ಮನೆಗೆ ಬಂದಾಗ ಅಜ್ಜಿ ಖಾರ ಅರೆದು ಇಟ್ಟಿತ್ತು. ಮಾವ ಯಾರ ಹತ್ತಿರವೋ ಕೈಗಡ ಇಸ್ಕೊಂಡು, ಮಟಮಟ ಮಧ್ಯಾಹ್ನ ಸೈಕಲ್ಲಲ್ಲಿ ಮದ್ದೂರಿಗೆ ಹೋಗಿ ಕೋಳಿ ತಂದರು. ಒಳಗೆ ಮಗು ಅಳ್ತಾನೇ ಇತ್ತು. ಆ ಅಳು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಮಗುನೇ ಈಗ ಮೊಬೈಲ್ ಹಿಡಿದು ಕೂತಿದ್ದ ಈ ಫ್ಲೋರಿಡಾದವನು!

ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅವತ್ತು ಜಗಲಿಯಲ್ಲಿ ಅದೇನು ಧೈರ್ಯ ಬಂತೋ, "ಮಾವ, ಅವತ್ತು ಮಡಕೆ ಮಗುಚಿಕೊಂಡಿರಲಿಲ್ಲ. ನಾನೇ ಬಿಟ್ಟುಬಿಟ್ಟೆ" ಅಂದೆ.

ಮಾವ ಮೊಬೈಲಿಂದ ಕಣ್ಣು ತೆಗೀಲಿಲ್ಲ. "ಗೊತ್ತಿತ್ತು ಬುಡ್ಲಾ. ಮಡಕೆ ತಾನಾಗೇ ಮಗುಚ್ಕಂಡ್ರೆ, ಬಾಯ್ಗೆ ಕಟ್ಟಿದ್ ಬಟ್ಟೆ ಬಿಚ್ಚಿ ಮಡಿಸಿ ಪಕ್ಕದಲ್ ಮಡಗಿರ್ತದಾ?"

ಅತ್ತೆ ಕಿಸಕ್ಕನೆ ನಕ್ಕರು. ಅವರಿಗೂ ಗೊತ್ತಿತ್ತಂತೆ! ಇವನಂತೂ "ಭಾವ, ನನ್ನ ಹಾಲು ಕಿತ್ತುಕೊಂಡೋನು ನೀನೇನಾ?" ಅಂತ ಶುರು ಮಾಡಿದ. ನಾನು ನಗೋಕೆ ಹೋದೆ, ಗಂಟಲು ಕಟ್ಟಿತು, ಎದ್ದು ಹೊಳೆ ಕಡೆ ಹೋಗಿ ಬಂದೆ. ಮರಳು ತೆಗೆದು ತೆಗೆದು ಆ ಮಡು ಎಲ್ಲಿತ್ತು ಅಂತಲೇ ಗುರುತು ಸಿಗಲಿಲ್ಲ. ಒಂದೂ ತೆಪ್ಪ ಇಲ್ಲ.

ವಾಪಸ್ ಬಂದಾಗ ಮಾವ ವಡೆ ಪೊಟ್ಟಣದ ರಬ್ಬರ್ ಬ್ಯಾಂಡ್ ಬಿಚ್ಚಿಕೊಂಡು, ಅತ್ತೆಯ ಮೊರದಿಂದ ಒಂದು ದಪ್ಪ ಅವರೆಕಾಯಿ ಎತ್ತಿ, ಅದರ ಮೂತಿಗೆ ದಬ್ಬಳದಿಂದ ತೂತು ಮಾಡ್ತಿದ್ರು. ಮಗ ಪಕ್ಕದಲ್ಲಿ ಕೂತು "ಹಂಗಲ್ಲಪ್ಪ, ಎರಡು ಸುತ್ತು ತಿರುಚಬೇಕು" ಅಂತಿದ್ದ. ಮಾವ ಮೂರು ಸುತ್ತು ತಿರುಚಿ, ಎತ್ತಿ ಹಿಡಿದು ನೋಡಿ, "ಇದು ವಾಸಿ ಕಣ್ಲಾ, ಮೈಗ್ ಚುಚ್ಚಂಗಿಲ್ಲ" ಅಂತ ನನ್ನ ಕಡೆ ನೋಡಿದ್ರು.

"ಅದ್ನ ಇತ್ತಾಗ್ ಕೊಡಿ, ಸಾರ್ಗ್ ಕಮ್ಮಿ ಆಯ್ತದೆ" ಅಂದ್ರು ಅತ್ತೆ.